ಅಷ್ಟಾವಕ್ರೋಪಾಖ್ಯಾನವೂ ಸುಜಾತೆಯ ಮಾತೂ

ಮಹಾಭಾರತದ ವನಪರ್ವದಲ್ಲಿರುವ ಅಷ್ಟಾವಕ್ರೋಪಾಖ್ಯಾನವು ಸರ್ವವಿದಿತವಾದುದು. ಗರ್ಭದಲ್ಲಿರುವ ಶಿಶುವು ವಿಕಲಾಂಗವೆಂದು ವೈದ್ಯಪರೀಕ್ಷೆಯಿಂದ ತಿಳಿದುಬಂದಾಗ ಆ ಗರ್ಭವನ್ನು ತೆಗೆಸುವುದು ಧರ್ಮವೋ ಅಧರ್ಮವೋ ಎಂಬ ಚರ್ಚೆ ಬಂದೆಡೆಯಲ್ಲಿ ಈ ಕಥೆಯನ್ನು ದೃಷ್ಟಾಂತವಾಗಿ ತರುವವರುಂಟು. ಎಂಟೆಡೆ ವಕ್ರನಾದವನೇ ಜನಕನ ಸಭೆಯನ್ನು ಗೆದ್ದನು, ಆದುದರಿಂದ ಅಂತಹ ಗರ್ಭವನ್ನು ತೊರೆಯಲಾಗದು ಎಂಬುದು ಅವರ ವಾದ. ಉಪಾಖ್ಯಾನವು ನಿಜವಾಗಿಯೂ ಈ ವಾದಕ್ಕೆ ಆಧಾರವಾಗುವುದೇ ಎಂಬುದು ವಿಚಾರಾರ್ಹವಾಗಿದೆ.

ಕಥೆಯ ಸಾರವಿಷ್ಟು. ಉದ್ದಾಲಕನ ಶಿಷ್ಯನೂ ಅಳಿಯನೂ ಆದ ಕಹೋಡನು ಅಧ್ಯಯನ ಮಾಡುತ್ತಿರಲು, ಪತ್ನಿಯಾದ ಸುಜಾತೆಯ ಗರ್ಭದಲ್ಲಿದ್ದ ಶಿಶುವು ಅವನ ಪಾಠದಲ್ಲಿ ದೋಷವನ್ನೆಣಿಸಿತು. ಶಿಷ್ಯರ ನಡುವೆ ಅವಮಾನಿತನಾದ ತಂದೆಯು, ಎಂಟೆಡೆಗಳಲ್ಲಿ ವಕ್ರನಾಗೆಂದು ಶಪಿಸಿದನು. ಬಳಿಕ ಅವನು ಜನಕನ ಆಸ್ಥಾನದಲ್ಲಿ ವಂದಿಯೆಂಬ ಪಂಡಿತನೊಡನೆ ವಾದಿಸಿ, ಸೋತು, ನೀರಿನಲ್ಲಿ ಮುಳುಗಿಸಲ್ಪಟ್ಟನು. ಹನ್ನೆರಡನೆಯ ವಯಸ್ಸಿನಲ್ಲಿ ಇದನ್ನರಿತ ಅಷ್ಟಾವಕ್ರನು ಸೋದರಮಾವನಾದ ಶ್ವೇತಕೇತುವಿನೊಡನೆ ಅಲ್ಲಿಗೆ ಹೋಗಿ, ವಂದಿಯನ್ನು ಜಯಿಸಿ, ತಂದೆಯನ್ನು ಮರಳಿ ಪಡೆದನು.

ಮೇಲಿನ ವಾದದಲ್ಲಿ ಎರಡು ದೋಷಗಳುಂಟು. ಮೊದಲನೆಯದಾಗಿ, ಅದು ಮಗುವಿನ ಬಾಳಿಗೆ ಪಾಂಡಿತ್ಯವನ್ನು ಶುಲ್ಕವಾಗಿ ಕೇಳುತ್ತದೆ. ವಂದಿಯನ್ನು ಗೆಲ್ಲಲಾರದ, ಮಾತೇ ಬಾರದ, ಜೀವಮಾನವೆಲ್ಲ ಅನ್ಯರ ಕೈಯಿಂದಲೇ ಉಣ್ಣಬೇಕಾದ ಮಗುವಿನ ಗತಿಯೇನು? ಗೆಲುವಿನಿಂದಲೇ ಜನ್ಮ ಸಾರ್ಥಕವೆಂದರೆ, ಗೆಲ್ಲದವನ ಜನ್ಮವನ್ನು ಅದೇ ಮಾತು ವ್ಯರ್ಥವೆಂದಂತಾಯಿತು. ಎರಡನೆಯದಾಗಿ, ಕವಿಯೇ ತನ್ನ ನಾಯಕನನ್ನು ವಕ್ರನಾಗಿ ಉಳಿಸಲಿಲ್ಲ. ತಂದೆಯ ಅಪ್ಪಣೆಯಂತೆ ಸಮಂಗಾ ನದಿಯಲ್ಲಿ ಮಿಂದು ಅವನು ಋಜುವಾದನೆಂದು ಕಥೆ ಮುಗಿಯುವುದು. ಗೃಹಸ್ಥರ ಮನೆಯ ಬಳಿಗೆ ಅಂತಹ ನದಿ ಹರಿದುಬರುವುದಿಲ್ಲ.

ಕಾಯಿದೆಯಾದರೂ ಈ ತೊಡಕನ್ನು ಬಿಡಿಸಿತೇ? ಹುಟ್ಟುವ ಮಗುವು ತೀವ್ರವಾದ ವೈಕಲ್ಯಕ್ಕೆ ಗುರಿಯಾಗುವ ಗಣನೀಯ ಸಂಭವವಿದ್ದರೆ, 20 ವಾರಗಳೊಳಗೆ ಗರ್ಭವನ್ನು ತೆಗೆಸಲು 1971ರ ಕಾಯಿದೆ ಅವಕಾಶವಿತ್ತಿತು. ಆದರೆ ಶಿಶುವಿನ ಅಂಗಾಂಗಗಳನ್ನು ವಿವರವಾಗಿ ತೋರುವ ಸ್ಕ್ಯಾನಿಂಗ್ ಸಾಮಾನ್ಯವಾಗಿ ನಡೆಯುವುದೇ 18ರಿಂದ 20ನೆಯ ವಾರಗಳಲ್ಲಿ. ಅರಿವು ಬರುವಷ್ಟರಲ್ಲಿ ಅವಧಿ ತೀರುತ್ತಿತ್ತು. 2008ರಲ್ಲಿ ಮುಂಬಯಿಯ ದಂಪತಿಗಳು, ಶಿಶುವಿನ ಹೃದಯದೋಷವನ್ನು ತಡವಾಗಿ ತಿಳಿದು, ಉಚ್ಚ ನ್ಯಾಯಾಲಯಕ್ಕೆ ಮೊರೆಯಿಟ್ಟಾಗ ಅನುಮತಿ ದೊರೆಯಲಿಲ್ಲ. 2021ರ ತಿದ್ದುಪಡಿಯಂತೆ, ಗಣನೀಯವಾದ ದೋಷವುಂಟೆಂದು ವೈದ್ಯಮಂಡಳಿ ನಿರ್ಣಯಿಸಿದಲ್ಲಿ ವಾರಗಳ ಮಿತಿಯಿಲ್ಲ. ಇದರಿಂದ ಕಾಲದ ಪ್ರಶ್ನೆ ಬಗೆಹರಿಯಿತೇ ಹೊರತು ಧರ್ಮದ ಪ್ರಶ್ನೆ ಬಗೆಹರಿಯಲಿಲ್ಲ. ಭ್ರೂಣಹತ್ಯೆಯನ್ನು ಘೋರಪಾಪಗಳಲ್ಲಿ ಎಣಿಸಿದ ಧರ್ಮಶಾಸ್ತ್ರದ ಮಾತನ್ನು ಹಗುರವಾಗಿ ಕಾಣಲೂ ಆಗದು.

ಈ ಎಡೆಯಲ್ಲಿ, ಉಪಾಖ್ಯಾನವನ್ನು ಉದಾಹರಿಸುವವರು ಮರೆಯುವ ಮಾತೊಂದು ನೆನಪಿಗೆ ಬರಬೇಕು. ಹತ್ತನೆಯ ತಿಂಗಳು ಬರಲು ಸುಜಾತೆಯು ಏಕಾಂತದಲ್ಲಿ ಗಂಡನೊಡನೆ, ಕೈಯಲ್ಲಿ ದ್ರವ್ಯವಿಲ್ಲ, ಹೆತ್ತ ಮೇಲೆ ಈ ಕಷ್ಟವನ್ನು ದಾಟುವುದೆಂತು ಎಂದು ಅಳಲುತ್ತಾಳೆ. ಕಹೋಡನು ಜನಕನೆಡೆಗೆ ಹೋದುದು ಆ ದ್ರವ್ಯಕ್ಕಾಗಿಯೇ, ಹೋದವನು ಬರಲಿಲ್ಲ. ಶಪಿಸಿದವನು ತಂದೆ, ವಾದಿಸಿದವರು ಪಂಡಿತರು, ಹೊತ್ತು ಹೆತ್ತವಳು ಸುಜಾತೆ. ಆಕೆಯ ಪ್ರಶ್ನೆಗೆ ಜನಕನ ಸಭೆಯಲ್ಲಿ ಯಾರೂ ಉತ್ತರ ಹೇಳಲಿಲ್ಲ. ಅಲ್ಲಿ ಅದನ್ನು ಕೇಳಿದವರೂ ಇಲ್ಲ.

ಉಪಾಖ್ಯಾನದ ತಿರುಳು ಇಲ್ಲಿಯೇ ಇರುವಂತೆ ತೋರುತ್ತದೆ. ಅಷ್ಟಾವಕ್ರನನ್ನು ತೋರಿಸಿ ಇಂದಿನ ತಾಯಿಯನ್ನು ನಿಂದಿಸುವವನು ಮೊದಲು ಸುಜಾತೆಗೆ ಉತ್ತರ ಕೊಡಲಿ. ಅಂತಹ ಮಗು ಹುಟ್ಟದಿರುವುದೇ ದಯೆಯೆನ್ನುವವನೂ, ಆ ಮಗುವಿನ ದುಃಖದಲ್ಲಿ ಅಂಗದಿಂದ ಬಂದುದೆಷ್ಟು, ಸಭೆಯಿಂದ ಬಂದುದೆಷ್ಟು ಎಂದು ಎಣಿಸಿ ನೋಡಲಿ. 2016ರ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಹೆಸರಿಸಿ ವಿಕಲಾಂಗರ ಹಕ್ಕುಗಳನ್ನು ಸಾರಿದೆ. ಆ ಹಕ್ಕುಗಳು ಶಾಲೆಯಾಗಿ, ಶುಶ್ರೂಷೆಯಾಗಿ, ತಾಯಿತಂದೆಯರು ಅಳಿದ ಮೇಲಿನ ಆಸರೆಯಾಗಿ ಮನೆಯ ಹೊಸಿಲನ್ನು ಮುಟ್ಟಿದಂದು ಸುಜಾತೆಗೆ ಉತ್ತರ ದೊರೆತಂತಾಗುವುದು. ಅಲ್ಲಿಯವರೆಗೆ ಆ ಕಠಿನವಾದ ನಿರ್ಧಾರವು ಹೊತ್ತವಳದು; ಅದರ ಪಾಪಪುಣ್ಯಗಳಲ್ಲಿ ಮಾತ್ರ ಸಭೆಗೂ ಪಾಲುಂಟು.