ಅಮೆರಿಕದ ಆರು ತಿಂಗಳು: ಒಂದು ರೂಢಿಯ ವಿಮರ್ಶೆ

ಮಗಳಿಗೋ ಸೊಸೆಗೋ ದಿನ ತುಂಬುತ್ತಿದ್ದಂತೆ ಬೆಂಗಳೂರು, ಮೈಸೂರು, ದಾವಣಗೆರೆಯ ಎಷ್ಟೋ ಮನೆಗಳಲ್ಲಿ ಸರದಿ ಗೊತ್ತುಮಾಡುವ ಮಾತು ಶುರುವಾಗುತ್ತದೆ. ಮೊದಲ ಆರು ತಿಂಗಳು ಹೆಣ್ಣಿನ ತಂದೆತಾಯಿ, ಬಾಣಂತನ ಅವರದು. ಅವರು ಊರಿಗೆ ಹೊರಡುವ ಹೊತ್ತಿಗೆ ಗಂಡಿನ ಕಡೆಯವರು ಹೋಗಿಳಿಯಬೇಕು. ಅವರ ಆರು ತಿಂಗಳೂ ಮುಗಿಯುವಷ್ಟರಲ್ಲಿ ಮಗುವಿಗೆ ವರ್ಷ ತುಂಬಿರುತ್ತದೆ. ಸಂದರ್ಶಕರ ಬಿ-2 ವೀಸಾ ಹಿಡಿದು ನಡೆಯುವ ಈ ಸರದಿ ನಮ್ಮ ಮಧ್ಯಮವರ್ಗದಲ್ಲಿ ಎಷ್ಟು ಬೇರೂರಿದೆಯೆಂದರೆ, ಅದರ ಸರಿತಪ್ಪನ್ನು ಯಾರೂ ತೂಗಿ ನೋಡುತ್ತಿಲ್ಲ.

ಇದರ ಹಿಂದಿರುವ ಅಗತ್ಯ ನಿಜವಾದದ್ದು. ಎಚ್-1ಬಿ ವೀಸಾದಲ್ಲಿ ದುಡಿಯುವವರು ಹೆಂಡತಿ ಅಥವಾ ಗಂಡ ಮತ್ತು ಮಕ್ಕಳನ್ನು ಅವಲಂಬಿತರೆಂದು ಕರೆದೊಯ್ಯಬಹುದು, ತಂದೆತಾಯಿಯನ್ನು ಅಲ್ಲ. ಹೆತ್ತವರಿಗೆ ಗ್ರೀನ್ ಕಾರ್ಡ್ ಕೇಳುವ ಹಕ್ಕಿರುವುದು 21 ವರ್ಷ ತುಂಬಿದ ಅಮೆರಿಕನ್ ಪ್ರಜೆಗಳಿಗೆ ಮಾತ್ರ. ಭಾರತೀಯರ ಗ್ರೀನ್ ಕಾರ್ಡ್ ಸರತಿಯೋ ವರ್ಷಗಟ್ಟಲೆ ಉದ್ದ. ಹೀಗಾಗಿ ಅಜ್ಜ-ಅಜ್ಜಿ ಮೊಮ್ಮಗುವಿನ ಜೊತೆ ಇರಬೇಕೆಂದರೆ ಉಳಿಯುವ ದಾರಿ ಪ್ರವಾಸಿಗರ ವೀಸಾ ಒಂದೇ. ಮನೆಯಲ್ಲಿ ಕನ್ನಡ ಕೇಳಿಸಿಕೊಳ್ಳುತ್ತ ಬೆಳೆಯುವ ಮಗುವಿಗೂ, ಎಣ್ಣೆನೀರು ಹಾಕಿಸಿಕೊಳ್ಳುವ ಬಾಣಂತಿಗೂ ಈ ಆರು ತಿಂಗಳು ಕೊಡುವುದನ್ನು ಬೇರೆ ಯಾರೂ ಕೊಡಲಾರರು. ಈ ರೂಢಿಯ ದೊಡ್ಡ ಗುಣ ಇದು.

ದೋಷ ಶುರುವಾಗುವುದು ಕಾಗದವನ್ನು ತಪ್ಪಾಗಿ ಓದುವಲ್ಲಿ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಮೇಲೆ ಹತ್ತು ವರ್ಷದ ಅವಧಿ ಕಾಣುತ್ತದೆ. ಅದು ಆ ಅವಧಿಯಲ್ಲಿ ಹೋಗಿ ಪ್ರವೇಶ ಕೇಳಲು ಇರುವ ಅನುಮತಿ ಅಷ್ಟೆ. ಎಷ್ಟು ದಿನ ಇರಬಹುದೆಂದು ನಿರ್ಧರಿಸುವವರು ವಿಮಾನ ನಿಲ್ದಾಣದ ಗಡಿ ಅಧಿಕಾರಿ. ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ, ಕಡಿಮೆಯನ್ನೂ ಕೊಡಬಹುದು. ಆ ದಿನಾಂಕ ಇರುವುದು ಐ-94 ಎಂಬ ದಾಖಲೆಯಲ್ಲಿ. ವಿಮಾನದಲ್ಲಿ ಬಂದವರಿಗೆ 2013ರಿಂದ ಅದರ ಕಾಗದದ ಚೀಟಿ ಕೈಗೆ ಸಿಗುವುದಿಲ್ಲ. ಇಳಿದ ಮೇಲೆ ಸರ್ಕಾರಿ ಜಾಲತಾಣದಿಂದ ತೆಗೆದು ನೋಡಬೇಕು. ಮಗ ಅಥವಾ ಅಳಿಯ ಮೊದಲ ವಾರದಲ್ಲೇ ಮಾಡಬೇಕಾದ ಕೆಲಸವಿದು. ವಿಸ್ತರಣೆಗೆ ಅರ್ಜಿ ಹಾಕದೆ ಆ ದಿನಾಂಕ ದಾಟಿ ಒಂದು ದಿನ ಹೆಚ್ಚು ಉಳಿದರೂ ಹತ್ತು ವರ್ಷದ ವೀಸಾ ರದ್ದಾಗುತ್ತದೆ. 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ಹೊರಬಂದವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಮೇಲ್ಪಟ್ಟು ಉಳಿದವರಿಗೆ ಹತ್ತು ವರ್ಷ ಮರುಪ್ರವೇಶಕ್ಕೆ ತಡೆ. ಇದು 1996ರ ಕಾನೂನು.

ಎರಡನೆಯ ದೋಷ ಇನ್ನೂ ಗಂಭೀರ. ಅವಧಿ ವಿಸ್ತರಣೆಯನ್ನು, ಅಂದರೆ ನಮ್ಮವರು ಬಾಯಿಮಾತಿನಲ್ಲಿ ಹೇಳುವ ‘ಎಕ್ಸ್‌ಟೆನ್ಷನ್’ ಅನ್ನು, ಹೊರಡುವ ಮೊದಲೇ ಯೋಜನೆಯೊಳಗೆ ಸೇರಿಸಿಬಿಡುತ್ತಾರೆ. ಐ-539 ಅರ್ಜಿಗೆ ಕಾನೂನಿನಲ್ಲಿ ಜಾಗವಿದೆ. ಐ-94 ಅವಧಿ ಮುಗಿಯುವ ಮೊದಲು, ಸಾಧ್ಯವಾದರೆ ಕನಿಷ್ಠ 45 ದಿನ ಮುಂಚೆ, ಸಕಾರಣ ಕೊಟ್ಟು, ಖರ್ಚಿನ ಆಧಾರ ಮತ್ತು ಊರಿಗೆ ಮರಳುವ ಉದ್ದೇಶ ತೋರಿಸಿ ಸಲ್ಲಿಸಬೇಕು. ಹೆರಿಗೆಯ ನಂತರದ ತೊಡಕು, ಹಠಾತ್ ಶಸ್ತ್ರಚಿಕಿತ್ಸೆ ಇಂಥವು ಗಟ್ಟಿ ಕಾರಣಗಳು. ‘ಇನ್ನೊಂದು ಬೇಸಿಗೆ ಇದ್ದು ಹೋಗೋಣ’ ಎಂಬುದು ಅಂಥ ಕಾರಣವಲ್ಲ. ಎಷ್ಟೋ ಸಲ ನಿರ್ಧಾರ ಬರುವ ಮೊದಲೇ ಹೆತ್ತವರು ಊರು ಸೇರಿರುತ್ತಾರೆ. ಆದರೆ ಮುಂದಿನ ಸಲ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಿಂತಾಗ ಗಡಿ ಅಧಿಕಾರಿಯ ಪರದೆಯ ಮೇಲೆ ಹಳೆಯ ವಾಸದ ಇತಿಹಾಸವೆಲ್ಲ ಇರುತ್ತದೆ. ಎರಡು ಭೇಟಿಗಳ ನಡುವೆ ಆರು ತಿಂಗಳು ಕಳೆದರೆ ಸಾಕೆಂಬ ನಂಬಿಕೆಗೆ ಕಾನೂನಿನ ಆಧಾರವಿಲ್ಲ. ವರ್ಷದ ಬಹುಪಾಲು ಅಲ್ಲೇ ಕಳೆಯುವವರನ್ನು ಸಂದರ್ಶಕರೆಂದು ನಂಬುವುದು ಬಿಡುವುದು ಆ ಅಧಿಕಾರಿಗೆ ಸೇರಿದ್ದು.

ಮೂರನೆಯದು ಹೆತ್ತವರ ದೇಹ ಮತ್ತು ಮನಸ್ಸಿನ ಮಾತು. ಕಾರಿಲ್ಲದೆ ಹಾಲೂ ತರಲಾಗದ ಉಪನಗರಗಳಲ್ಲಿ, ಹಿಮ ಬೀಳುವ ತಿಂಗಳುಗಳಲ್ಲಿ, ಹಗಲೆಲ್ಲ ಮಗುವಿನ ಜೊತೆ ನಾಲ್ಕು ಗೋಡೆಯ ನಡುವೆ ಇರುವುದು ಅರವತ್ತೈದು ದಾಟಿದವರಿಗೆ ಸುಲಭವಲ್ಲ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಆರು ತಿಂಗಳಿಗಾಗುವಷ್ಟು ಕಟ್ಟಿಕೊಂಡೇ ಹೊರಟಿರುತ್ತಾರೆ. ಸಂದರ್ಶಕರ ವಿಮೆಗಳು ಮೊದಲೇ ಇದ್ದ ಕಾಯಿಲೆಯನ್ನು ಬಹುತೇಕ ಹೊರಗಿಡುತ್ತವೆ. ಉಳಿಯುವ ಅವಧಿ ಹಿಗ್ಗಿದಷ್ಟೂ ಈ ಅಪಾಯವೂ ಹಿಗ್ಗುತ್ತದೆ. ವಿಸ್ತರಣೆಯ ಅರ್ಜಿಗೆ ಸಹಿ ಹಾಕಿಸುವ ಮುನ್ನ ‘ನಿಮಗೆ ಇರಲು ಮನಸ್ಸಿದೆಯೇ’ ಎಂದು ಅಪ್ಪ-ಅಮ್ಮನನ್ನು ಕೇಳುವ ಮಕ್ಕಳು ಎಷ್ಟು ಮಂದಿ?

ತಪ್ಪೆಲ್ಲ ಕುಟುಂಬಗಳದ್ದಲ್ಲ. ಕೆನಡಾ ಇದೇ ಅಗತ್ಯವನ್ನು ಒಪ್ಪಿಕೊಂಡು ‘ಸೂಪರ್ ವೀಸಾ’ ಮಾಡಿದೆ. 2022ರ ಜುಲೈನಿಂದ ಅದರಲ್ಲಿ ತಂದೆತಾಯಿ, ಅಜ್ಜ-ಅಜ್ಜಿ ಒಂದೇ ಸಲಕ್ಕೆ ಐದು ವರ್ಷದವರೆಗೆ ಇರಬಹುದು. ಮಕ್ಕಳ ಆದಾಯಕ್ಕೆ ಕನಿಷ್ಠ ಮಿತಿಯಿದೆ; ಕನಿಷ್ಠ ಒಂದು ಲಕ್ಷ ಕೆನಡಿಯನ್ ಡಾಲರ್ ಆರೋಗ್ಯ ವಿಮೆ ಕಡ್ಡಾಯ. ಜವಾಬ್ದಾರಿಯನ್ನು ಮೊದಲೇ ಬರೆಸಿಕೊಂಡು ಅವಕಾಶ ಕೊಡುವ ಪ್ರಾಮಾಣಿಕ ವ್ಯವಸ್ಥೆ ಅದು. ಅಮೆರಿಕದಲ್ಲಿ ಅಂಥ ಬಾಗಿಲಿಲ್ಲದಿರುವುದು ಅಲ್ಲಿನ ವಲಸೆ ನೀತಿಯ ಕೊರತೆಯೇ.

ಆ ಬಾಗಿಲು ತೆರೆಯುವವರೆಗೆ ನನ್ನ ತೀರ್ಮಾನ ಇಷ್ಟು: ಕೊಟ್ಟ ಆರು ತಿಂಗಳನ್ನು ಮನಸಾರೆ ಬಳಸಿಕೊಳ್ಳುವುದು ಸರಿ. ಆರೋಗ್ಯದ ತುರ್ತಿಗೆ ವಿಸ್ತರಣೆ ಕೇಳುವುದೂ ಸರಿ. ಕೂಸು ನೋಡಿಕೊಳ್ಳುವ ವ್ಯವಸ್ಥೆಯನ್ನೇ ವಿಸ್ತರಣೆಯ ಮೇಲೆ ನಿಲ್ಲಿಸುವುದು ಸರಿಯಲ್ಲ. ಮರಳುವ ಟಿಕೆಟನ್ನು ಐ-94 ದಿನಾಂಕಕ್ಕಿಂತ ಎರಡು ವಾರ ಮೊದಲಿಗೇ ಮಾಡಿಸಿ. ಆ ದಿನಾಂಕವನ್ನು ಅಪ್ಪ-ಅಮ್ಮನಿಗೂ ಬರೆದುಕೊಡಿ.