ಹೊಸ್ತಿಲ ಮೇಲಿನ ಲೋಳೆಸರ

ಮೈಸೂರಿನ ಅನೇಕ ಮನೆಗಳಲ್ಲಿ ದೃಷ್ಟಿ ತಾಗದಿರಲೆಂದು ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ, ಮಣ್ಣು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಎಲೆಯೊಳಗಿನ ಲೋಳೆಯೇ ಅದರ ನೀರಿನ ಕಣಜ. ಹೆಚ್ಚಿನ ಗಿಡಗಳು ಹಗಲಲ್ಲಿ ತೆರೆಯುವ ಪತ್ರರಂಧ್ರಗಳನ್ನು ಇದು ರಾತ್ರಿಯ ತಂಪಿನಲ್ಲಿ ತೆರೆದು, ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಡುತ್ತದೆ. ಹಗಲಲ್ಲಿ ರಂಧ್ರ ಮುಚ್ಚಿಕೊಂಡೇ ಆಹಾರ ತಯಾರಿಸುತ್ತದೆ. ಎಷ್ಟು ಸೊಗಸಾದ ಮಿತವ್ಯಯ!

ಕುಂಡದಲ್ಲಿ ಬೆಳೆಸಲು ತಳದಲ್ಲಿ ತೂತು, ದಪ್ಪ ಮರಳು ಬೆರೆಸಿದ ಕೆಮ್ಮಣ್ಣು, ಪೂರ್ವದ ಕಿಟಕಿಯ ಅಥವಾ ತೊಟ್ಟಿಮನೆಯ ಅಂಗಳದ ಬೆಳಕು ಸಾಕು. ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು. ಮಳೆಗಾಲದಲ್ಲಿ ಇನ್ನೂ ಅಪರೂಪಕ್ಕೆ. ಬಾಯಾರಿ ಸಾಯುವುದಕ್ಕಿಂತ ಅತಿ ನೀರಿಗೆ ಬೇರು ಕೊಳೆತು ಸಾಯುವುದೇ ಹೆಚ್ಚು. ಬುಡದಲ್ಲಿ ಮೂಡುವ ಮರಿಗಳನ್ನು ಬಿಡಿಸಿ, ಒಂದೆರಡು ದಿನ ನೆರಳಲ್ಲಿ ಗಾಯ ಒಣಗಿಸಿ ನೆಟ್ಟರೆ ಹೊಸ ಗಿಡ ಸಿದ್ಧ.