ಭಿತ್ತಿಪತ್ರಿಕೆ ಕಟ್ಟುವವರು

ಕಾಲೇಜಿನ ಮೆಟ್ಟಿಲ ಪಕ್ಕದ ಗಾಜಿನ ಪೆಟ್ಟಿಗೆಯೊಳಗಿನ ಭಿತ್ತಿಪತ್ರಿಕೆಯನ್ನು ನಿಂತು ಓದುವವರು ಕಡಿಮೆ. ಅದನ್ನು ಕಟ್ಟುವ ವಿದ್ಯಾರ್ಥಿ ಸಂಪಾದಕರ ಶ್ರಮ ಮಾತ್ರ ಕಡಿಮೆಯದಲ್ಲ.

ಐಚ್ಛಿಕ ಕನ್ನಡ ಓದುವ ಹುಡುಗಿಯೊಬ್ಬಳು ಗೆಳತಿಯ ಕಥೆ ತಿದ್ದುವುದನ್ನು ಮೊನ್ನೆ ನೋಡಿದೆ. ಮೊದಲ ಪ್ಯಾರಾದ ಮಳೆ, ಮೋಡ, ಮಣ್ಣಿನ ವಾಸನೆಯ ಮೇಲೆಲ್ಲ ಪೆನ್ಸಿಲ್ಲಿನಿಂದ ಮೆಲ್ಲಗೆ ಗೆರೆ ಎಳೆದಳು. ‘ನಿನ್ನ ಕಥೆ ಅಜ್ಜಿ ರೇಷನ್ ಅಂಗಡಿ ಮುಂದೆ ನಿಂತಲ್ಲಿಂದ ಶುರುವಾಗುತ್ತೆ ಕಣೇ, ಅಲ್ಲಿಂದಲೇ ಬರಿ’ ಅಂದಳು. ಗೆಳತಿಯ ಮುಖ ಬಾಡಿತು. ಆಮೇಲೆ ಮತ್ತೊಮ್ಮೆ ಓದಿಕೊಂಡು, ತಾನೇ ಇನ್ನೆರಡು ಸಾಲು ಹೊಡೆದುಹಾಕಿದಳು. ಬರೆದವರ ಮನಸ್ಸು ನೋಯಿಸದೆ, ಬರಹವನ್ನೂ ಬಿಟ್ಟುಕೊಡದೆ ತಿದ್ದುವುದು ದೊಡ್ಡ ವಿದ್ಯೆ. ಹತ್ತೊಂಬತ್ತಿಪ್ಪತ್ತರ ವಯಸ್ಸಿನಲ್ಲೇ ಅದು ಕೈಹತ್ತಿದವರನ್ನು ಕಂಡರೆ ನನಗೆ ಗೌರವ.

ಕಾಲೇಜಿನ ವಾರ್ಷಿಕ ಸಂಚಿಕೆಯ ಹೊತ್ತಿಗೆ ಈ ಸಂಪಾದಕರ ಪಾಡೇ ಬೇರೆ. ಮೊಬೈಲಿನಲ್ಲಿ ಯೂನಿಕೋಡ್ ಬಳಸಿ ಬರೆದದ್ದನ್ನು ಪ್ರೆಸ್ಸಿನವರಿಗಾಗಿ ‘ನುಡಿ’ ಫಾಂಟಿಗೆ ಬದಲಿಸಿದರೆ ಒತ್ತಕ್ಷರ, ಅರ್ಕಾವತ್ತುಗಳು ಎಲ್ಲೆಲ್ಲೋ ಕೂತಿರುತ್ತವೆ. ಕರಡಿನಲ್ಲಿ ಒಂದೊಂದನ್ನೂ ಬೆರಳಿಟ್ಟು ಹುಡುಕಬೇಕು, ಅದೂ ಇಂಟರ್ನಲ್ ಪರೀಕ್ಷೆಗಳ ನಡುವೆ.

ಕಾಲೇಜು ಪತ್ರಿಕೆ ತಾನೇ ಎನ್ನುವವರು ಒಂದನ್ನು ನೆನೆಯಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ಹೊರಟ ‘ಪ್ರಬುದ್ಧ ಕರ್ಣಾಟಕ’ ಹೊಸಗನ್ನಡ ಸಾಹಿತ್ಯಕ್ಕೇ ಅಂಗಳವಾಯಿತು.

ಈ ವರ್ಷ ನಿಮ್ಮ ಮಕ್ಕಳ ಕಾಲೇಜಿನ ಸಂಚಿಕೆ ಮನೆಗೆ ಬಂದರೆ, ಫೋಟೋ ಪುಟಗಳನ್ನು ದಾಟಿ ಒಂದು ಕಥೆಯನ್ನಾದರೂ ಪೂರ್ತಿ ಓದಿ. ಹೇಗಿದೆಯೆಂದು ಬರೆದವರಿಗೆ ತಿಳಿಸಿ.